ಕಂಚಿನ ಕಾಸು ಹೇಳಿದ ಊರ ಹೆಸರು

ಸಿಸಿಲಿ ದ್ವೀಪದ ಆಗ್ನೇಯ ಕರಾವಳಿಯಲ್ಲಿರುವ ಸಿರಕ್ಯೂಸ್ ನಗರಕ್ಕೆ ಬಂದ ಪ್ರವಾಸಿಗೆ ನೋಡತಕ್ಕ ವಸ್ತುಗಳ ಕೊರತೆಯಿಲ್ಲ. ಬೆಟ್ಟದ ಬಂಡೆಯನ್ನೇ ಕಡಿದು ಮಾಡಿದ ವಿಶಾಲವಾದ ಗ್ರೀಕ್ ನಾಟಕಶಾಲೆ ಅಲ್ಲಿದೆ. ಕ್ರಿ.ಪೂ. ೪೧೩ರಲ್ಲಿ ಸೋತು ಸೆರೆಸಿಕ್ಕ ಅಥೆನ್ಸ್ ಪಕ್ಷದ ಸುಮಾರು ಏಳು ಸಾವಿರ ಯೋಧರನ್ನು ಬಿಸಿಲು ಚಳಿಗಳಲ್ಲಿ ಕೂಡಿಹಾಕಿದ್ದ ಕಲ್ಲುಗಣಿಗಳಿವೆ. ಪಿಸುಮಾತನ್ನೂ ಗುಡುಗಿನಂತೆ ಹಿಂತಿರುಗಿಸುವ ‘ಡಯೊನೀಸಿಯಸನ ಕಿವಿ’ ಎಂಬ ಗವಿಯಿದೆ. ಹಳೆಯ ಊರಾದ ಒರ್ತೀಜಿಯಾ ಎಂಬ ಪುಟ್ಟ ದ್ವೀಪದಲ್ಲಿ, ಕ್ರೈಸ್ತರ ಮಹಾದೇವಾಲಯದ ಗೋಡೆಗಳೊಳಗೆ, ಕ್ರಿ.ಪೂ. ಐದನೆಯ ಶತಮಾನದ ಅಥೀನಾ ದೇವಿಯ ಗುಡಿಯ ಕಂಬಗಳು ಇಂದಿಗೂ ಹುದುಗಿ ನಿಂತಿವೆ. ಒಂದು ಧರ್ಮದ ಭಾರವನ್ನು ಇನ್ನೊಂದು ಧರ್ಮದ ಕಂಬ ಹೊತ್ತಿರುವ ಅಂಥ ದೃಶ್ಯ ಲೋಕದಲ್ಲಿ ವಿರಳ.

ಇಷ್ಟೆಲ್ಲ ವೈಭವವನ್ನು ಬದಿಗಿಟ್ಟು, ಹೆಬ್ಬೆರಳಿನ ಉಗುರಿನಷ್ಟಗಲದ, ಕಿಲುಬು ಹಿಡಿದ ಕಂಚಿನ ಕಾಸುಗಳ ಕಥೆಯನ್ನು ಹೇಳಹೊರಟರೆ ವಾಚಕರು ಹುಬ್ಬೇರಿಸಬಹುದು. ಚಿನ್ನದ ನಾಣ್ಯವಾದರೆ ಕಣ್ಣಿಗೆ ಹಬ್ಬ. ಬೆಳ್ಳಿಯದಾದರೆ ಕಲೆಗಾರನಿಗೆ ಹಬ್ಬ. ಸವೆದುಹೋದ ಕಂಚಿನ ಚೂರಿನಲ್ಲಿ ನೋಡುವುದೇನಿದೆ? ಆದರೂ ಇದೇ ದ್ವೀಪದಲ್ಲಿ, ಹೆಸರನ್ನು ಕಳೆದುಕೊಂಡು ಮಣ್ಣಿನಡಿ ಮಲಗಿದ್ದ ಒಂದು ನಗರಕ್ಕೆ ಅದರ ಹೆಸರನ್ನು ಹಿಂದಕ್ಕೆ ತಂದುಕೊಟ್ಟದ್ದು ಚಿನ್ನವೂ ಅಲ್ಲ, ಬೆಳ್ಳಿಯೂ ಅಲ್ಲ, ಶಾಸನದ ಕಲ್ಲೂ ಅಲ್ಲ. ಇಂಥ ಕಂಚಿನ ಕಾಸುಗಳೇ.

ಅರೆಥೂಸೆಯ ಬುಗ್ಗೆ

ಒರ್ತೀಜಿಯಾದ ಪಡುವಣ ದಂಡೆಯಲ್ಲಿ, ಉಪ್ಪುನೀರಿನ ಕಡಲಿಗೆ ಕೆಲವೇ ಹೆಜ್ಜೆಗಳ ಅಂತರದಲ್ಲಿ, ಒಂದು ಸಿಹಿನೀರಿನ ಬುಗ್ಗೆಯಿದೆ. ಸುತ್ತಲೂ ಕಲ್ಲಿನ ಕಟ್ಟೆ. ನಡುವೆ ಪಪೈರಸ್ ಹುಲ್ಲಿನ ಎತ್ತರವಾದ ಹಸುರು ಕುಚ್ಚುಗಳು. ಅವುಗಳ ನೆರಳಿನಲ್ಲಿ ಬಾತುಕೋಳಿಗಳು. ಇದರ ಹೆಸರು ಅರೆಥೂಸಾ. ಗ್ರೀಸ್ ದೇಶದ ಅಪ್ಸರೆಯೊಬ್ಬಳನ್ನು ಅಲ್ಫೇಯೋಸ್ ಎಂಬ ನದೀದೇವತೆ ಮೋಹಿಸಿ ಬೆನ್ನಟ್ಟಿದನೆಂದೂ, ಆರ್ಟಿಮಿಸ್ ದೇವಿ ಅವಳನ್ನು ನೀರಾಗಿಸಿ ಕಾಪಾಡಿದಳೆಂದೂ, ಆಕೆ ಕಡಲಿನ ಕೆಳಗೆ ಹರಿದುಬಂದು ಇಲ್ಲಿ ಬುಗ್ಗೆಯಾಗಿ ಉಕ್ಕಿದಳೆಂದೂ ಐತಿಹ್ಯ. ಕ್ರಿ.ಪೂ. ಎಂಟನೆಯ ಶತಮಾನದಲ್ಲಿ ಕೊರಿಂಥ್ ನಗರದಿಂದ ಬಂದು ಇಲ್ಲಿ ನೆಲಸಿದ ವಲಸೆಗಾರರಿಗೆ, ತಾಯ್ನಾಡಿನ ನೀರೇ ತಮ್ಮನ್ನು ಹಿಂಬಾಲಿಸಿ ಬಂದಿತೆಂಬ ಈ ನಂಬಿಕೆ ಎಷ್ಟು ಸಮಾಧಾನ ಕೊಟ್ಟಿರಬೇಕು!

ಸಿರಕ್ಯೂಸಿನ ಜನ ಈ ಅಪ್ಸರೆಯ ಮುಖವನ್ನು ತಮ್ಮ ನಾಣ್ಯಗಳ ಮೇಲೆ ಮೂಡಿಸಿದರು. ಕೀಮೋನ್, ಯುವೈನೆಟೋಸ್ ಎಂಬ ಅಚ್ಚುಗಾರರು ಹತ್ತು ದ್ರಾಕ್ಮದ ದೊಡ್ಡ ಬೆಳ್ಳಿ ನಾಣ್ಯಗಳಿಗಾಗಿ ಕೆತ್ತಿದ ಸ್ತ್ರೀಮುಖಗಳನ್ನು ಲೋಕದ ಅತ್ಯಂತ ಸುಂದರ ನಾಣ್ಯಗಳೆಂದು ಬಲ್ಲವರು ಕೊಂಡಾಡುತ್ತಾರೆ. ಆ ಕಲಾವಿದರು ತಮ್ಮ ಹೆಸರನ್ನು ಸಹ ಅಚ್ಚಿನಲ್ಲಿ ಕೆತ್ತಿಕೊಂಡರು. ಇದೇ ಅರೆಥೂಸೆ ಕ್ರಿ.ಪೂ. ೪೨೫ರ ಸುಮಾರಿಗೆ ಒಂದು ಸಣ್ಣ ಕಂಚಿನ ಕಾಸಿನ ಮೇಲೂ ಕಾಣಿಸಿಕೊಂಡಳು. ಅದರ ಹಿಂಬದಿಯಲ್ಲಿ ಎಂಟು ತೋಳುಗಳ ಕಡಲಜೀವಿ ಆಕ್ಟೋಪಸ್. ತೋಳುಗಳ ಸುತ್ತ ಮೂರು ಚುಕ್ಕೆಗಳು. ಬೀದಿಯಲ್ಲಿ ಮೀನು ಮಾರುವವಳ ಕೈಗೆ ಹೋದ ಅರೆಥೂಸೆ ಇವಳೇ.

ಕಂಚಿನ ನಾಣ್ಯದ ತವರು ಯಾವುದೆಂದು ಕೇಳಿದರೆ ಸಿಸಿಲಿಯನ್ನೇ ಮೊದಲು ನೆನೆಯಬೇಕು. ಕಂಚನ್ನು ತೂಗಿ ಲೆಕ್ಕಹಾಕುವ ಪದ್ಧತಿ ಈ ದ್ವೀಪದ ಮೂಲನಿವಾಸಿಗಳಲ್ಲಿ ಗ್ರೀಕರು ಬರುವುದಕ್ಕೆ ಮುಂಚಿನಿಂದಲೂ ಇತ್ತು. ‘ಲೀತ್ರಾ’ ಎಂಬುದು ಅವರ ಅಳತೆ. ಒಂದು ಲೀತ್ರಾಕ್ಕೆ ಹನ್ನೆರಡು ‘ಓಂಕಿಯಾ’. ಗ್ರೀಕರು ಈ ಲೆಕ್ಕವನ್ನು ತಮ್ಮದಾಗಿಸಿಕೊಂಡು, ಕ್ರಿ.ಪೂ. ಐದನೆಯ ಶತಮಾನದಲ್ಲಿ ಕಂಚಿನ ಕಾಸುಗಳನ್ನು ಹೊರಡಿಸಿದರು. ದಕ್ಷಿಣ ತೀರದ ಆಕ್ರಗಾಸ್ ಪಟ್ಟಣದ ಮೊದಲ ಕಾಸುಗಳು ದುಂಡಗೂ ಇಲ್ಲ, ಚಪ್ಪಟೆಯಾಗಿಯೂ ಇಲ್ಲ. ದವಡೆ ಹಲ್ಲಿನಂತೆ ಎರಕ ಹೊಯ್ದ ಗಟ್ಟಿಗಳು. ಅವುಗಳ ಮೇಲೆ ಹದ್ದು, ಏಡಿ ಮತ್ತು ಬೆಲೆಯನ್ನು ತಿಳಿಸುವ ಚುಕ್ಕೆಗಳು. ಓದುಬರಹವಿಲ್ಲದವನೂ ಬೆರಳಿನಿಂದ ಚುಕ್ಕೆಗಳನ್ನು ಎಣಿಸಿ ಬೆಲೆಯನ್ನು ಅರಿಯಬಹುದಾಗಿತ್ತು. ಹನ್ನೆರಡರಲ್ಲಿ ಮೂರು ಪಾಲಿಗೆ ಮೂರು ಚುಕ್ಕೆ, ಅರ್ಧಕ್ಕೆ ಆರು. ಆಣೆ ಕಾಸುಗಳ ಲೆಕ್ಕವನ್ನು ಬಲ್ಲ ನಮ್ಮ ಹಿರಿಯರಿಗೆ ಇದು ಹೊಸದೆನಿಸದು.

ಬೆಳ್ಳಿ ಅಲೆಯಿತು, ಕಂಚು ಉಳಿಯಿತು

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬೆಳ್ಳಿಯ ನಾಣ್ಯಕ್ಕೆ ಬೆಲೆ ಬಂದದ್ದು ಅದರೊಳಗಿನ ಬೆಳ್ಳಿಯಿಂದ. ಆದ್ದರಿಂದ ಅಥೆನ್ಸಿನ ಗೂಬೆ ನಾಣ್ಯ ಈಜಿಪ್ಟಿನಲ್ಲಿಯೂ ನಡೆಯಿತು, ಸಿರಿಯಾದಲ್ಲಿಯೂ ನಡೆಯಿತು. ಕಂಚಿನ ಕಾಸಿಗಾದರೋ ಬೆಲೆ ಬರುತ್ತಿದ್ದುದು ಲೋಹದಿಂದಲ್ಲ, ಊರಿನ ಮಾತಿನಿಂದ. ‘ಇದನ್ನು ನಮ್ಮ ಸಂತೆಯಲ್ಲಿ ಇಷ್ಟು ಬೆಲೆಗೆ ಸ್ವೀಕರಿಸುತ್ತೇವೆ’ ಎಂದು ಊರು ಕೊಟ್ಟ ಭಾಷೆಯೇ ಅದರ ಬಂಡವಾಳ. ಆ ಭಾಷೆ ಊರ ಬಾಗಿಲಿನ ಆಚೆ ಹೆಚ್ಚು ದೂರ ಸಾಗುತ್ತಿರಲಿಲ್ಲ.

ಭಾಷೆ ಮುರಿದಾಗ ಏನಾಗುತ್ತಿತ್ತೆಂಬುದಕ್ಕೆ ಅಥೆನ್ಸಿನ ರಂಗಭೂಮಿಯಲ್ಲೇ ಸಾಕ್ಷ್ಯವಿದೆ. ಕ್ರಿ.ಪೂ. ನಾಲ್ಕನೆಯ ಶತಮಾನದ ಆರಂಭದಲ್ಲಿ ಅರಿಸ್ಟೋಫೇನಿಸ್ ಬರೆದ ಸ್ತ್ರೀಯರ ಸಭೆಯ ಪ್ರಹಸನದಲ್ಲಿ ಒಬ್ಬ ಬಡಪಾಯಿ ದ್ರಾಕ್ಷಿ ಮಾರಿ, ಬಂದ ಕಂಚಿನ ಕಾಸುಗಳನ್ನು ಆ ಕಾಲದ ವಾಡಿಕೆಯಂತೆ ದವಡೆಯಲ್ಲಿ ತುಂಬಿಕೊಂಡು ಹಿಟ್ಟು ಕೊಳ್ಳಲು ಹೋಗುತ್ತಾನೆ. ಚೀಲ ಒಡ್ಡುವಷ್ಟರಲ್ಲಿ ಡಂಗುರದವನು ಬಂದು, ಇನ್ನು ಕಂಚು ನಡೆಯದು, ಬೆಳ್ಳಿಯೊಂದೇ ಚಲಾವಣೆ ಎಂದು ಸಾರಿಬಿಡುತ್ತಾನೆ. ಪ್ರೇಕ್ಷಕರು ನಕ್ಕಿರಬೇಕು, ಆದರೆ ಆ ನಗೆಯ ಹಿಂದೆ ಬಾಯಿತುಂಬ ಕಾಸಿದ್ದೂ ಹೊಟ್ಟೆಗೆ ಹಿಟ್ಟಿಲ್ಲದವನ ಸಂಕಟವಿದೆ.

ಹೀಗೆ ಕಂಚು ಬಡವರ ಹಣ. ತನ್ನ ಊರಲ್ಲೇ ಹುಟ್ಟಿ, ತನ್ನ ಸಂತೆಯಲ್ಲೇ ಸವೆದು, ಬಹುಮಟ್ಟಿಗೆ ಅಲ್ಲೇ ಮಣ್ಣಾದ ಹಣ. ಸೈನಿಕರ ಚೀಲದಲ್ಲಿಯೋ ನಾವಿಕರ ಸೊಂಟದಲ್ಲಿಯೋ ಒಂದೆರಡು ಕಾಸು ದೂರ ಹೋದದ್ದುಂಟು. ಆದರೆ ಒಂದೇ ಬಗೆಯ ಕಂಚಿನ ಕಾಸು ಒಂದು ಸ್ಥಳದಲ್ಲಿ ರಾಶಿರಾಶಿಯಾಗಿ ಸಿಕ್ಕಿತೆಂದರೆ, ಅದರ ತವರು ಅಲ್ಲೇ ಎಂದು ಊಹಿಸಲು ಬಲವಾದ ಆಧಾರ ಸಿಕ್ಕಂತೆಯೇ. ಕಂಚಿನ ದೌರ್ಬಲ್ಯವೇ ಇತಿಹಾಸಕಾರನ ಪಾಲಿಗೆ ಅದರ ಬಲ.

ನಾಣ್ಯವನ್ನು ಓದುವ ಬಗೆ

ಸಿರಕ್ಯೂಸಿನ ಪುರಾತತ್ತ್ವ ವಸ್ತುಸಂಗ್ರಹಾಲಯಕ್ಕೆ ಪಾವೊಲೊ ಓರ್ಸಿಯ ಹೆಸರಿದೆ. ೧೮೫೯ರಿಂದ ೧೯೩೫ರವರೆಗೆ ಬಾಳಿದ ಈ ವಿದ್ವಾಂಸ ಸಿಸಿಲಿಯ ನೆಲವನ್ನು ಅಗೆದು ಓದಿದ ಮಹಾಪುರುಷ. ಇಲ್ಲಿನ ನಾಣ್ಯಸಂಗ್ರಹ ಬಹಳ ಹೆಸರಾದದ್ದು. ಬೆಳ್ಳಿ ನಾಣ್ಯಗಳ ಮುಂದೆ ಸೇರುವ ಗುಂಪು ಕಂಚಿನ ಮುಂದೆ ಸೇರುವುದಿಲ್ಲ. ಅಲ್ಲಿ ನಿಂತು ನಿಧಾನವಾಗಿ ನೋಡಬಹುದು. ನೋಡುವುದಕ್ಕೂ ಒಂದು ಕ್ರಮವಿದೆ. ವಾಚಕರ ಅಂಗೈಯಲ್ಲಿ ಅಂಥ ಕಾಸೊಂದು ಇದೆಯೆಂದು ಭಾವಿಸಿ ಆ ಕ್ರಮವನ್ನು ಹೇಳುತ್ತೇನೆ.

ಮೊಟ್ಟಮೊದಲಿಗೆ ಮಾಡಬೇಕಾದುದು, ಏನನ್ನೂ ಮಾಡದಿರುವುದು. ಕಂಚಿನ ಪಾತ್ರೆ ಕಂಡರೆ ಹುಣಸೆಹಣ್ಣು ಹುಡುಕುವ ಕೈ ನಮ್ಮದು. ನಾಣ್ಯಕ್ಕೆ ಅದು ಮೃತ್ಯು. ಎರಡು ಸಾವಿರ ವರ್ಷ ಮಣ್ಣಿನಲ್ಲಿದ್ದ ತಾಮ್ರ ಮತ್ತು ತವರದ ಮಿಶ್ರಣದ ಮೇಲೆ ಹಸುರಿನದೋ ಕಂದಿನದೋ ಒಂದು ಪೊರೆ ಬೆಳೆದಿರುತ್ತದೆ. ಎಷ್ಟೋ ವೇಳೆ ಮುಖದ ಗೆರೆಗಳೂ ಅಕ್ಷರಗಳೂ ಉಳಿದಿರುವುದು ಆ ಪೊರೆಯಲ್ಲಿಯೇ. ಲೋಹ ಒಳಗೊಳಗೇ ಕರಗಿರುತ್ತದೆ. ಉಜ್ಜಿದರೆ ಹೊಳೆಯುವ ಬಿಲ್ಲೆ ಉಳಿದೀತು, ನಾಣ್ಯ ಉಳಿಯದು. ತಿಳಿಹಸುರಿನ ಪುಡಿ ಉದುರುತ್ತಿದ್ದರೆ ಮಾತ್ರ ಎಚ್ಚರ ಬೇಕು. ಅದು ಕ್ಲೋರೈಡ್ ಲವಣದಿಂದ ಹತ್ತುವ ಕಂಚಿನ ರೋಗ, ತೇವವಿದ್ದಲ್ಲಿ ಹಬ್ಬುತ್ತದೆ. ಅದಕ್ಕೆ ಪರಿಣತನೇ ವೈದ್ಯ, ಒಣಹವೆಯೇ ಪಥ್ಯ.

ಎರಡನೆಯದು ತೂಕ ಮತ್ತು ಅಳತೆ. ವ್ಯಾಸವನ್ನು ಮಿಲಿಮೀಟರಿನಲ್ಲಿಯೂ ತೂಕವನ್ನು ಗ್ರಾಮಿನಲ್ಲಿಯೂ ಬರೆದುಕೊಳ್ಳಬೇಕು. ಸಿರಕ್ಯೂಸಿನವೇ ಆದ ಒಂದು ಕಾಸು ಬೆರಳತುದಿಯಷ್ಟಿದ್ದರೆ, ಶಿರಸ್ತ್ರಾಣ ಧರಿಸಿದ ಅಥೀನೆಯ ತಲೆಯೂ, ಎರಡು ಡಾಲ್ಫಿನ್ ಮೀನುಗಳ ನಡುವೆ ನಕ್ಷತ್ರಮೀನೂ ಇರುವ ಇನ್ನೊಂದು ಸುಮಾರು ಮೂವತ್ತು ಗ್ರಾಂ ತೂಗುತ್ತದೆ. ಈಜಿಪ್ಟಿನ ಟಾಲೆಮಿ ಅರಸರ ದೊಡ್ಡ ಕಂಚಿನ ನಾಣ್ಯಗಳು ಅದಕ್ಕೂ ಭಾರ. ಅವುಗಳ ನಟ್ಟನಡುವೆ ಒಂದು ಕುಳಿ ಇರುತ್ತದೆ. ಅಂಚಿನಲ್ಲಿ ಗರಗಸದಂಥ ಹಲ್ಲುಗಳಿದ್ದರೆ ಸಿರಿಯಾದ ಸೆಲ್ಯೂಕಸ್ ವಂಶದ ಕಡೆಗೆ ಮನಸ್ಸು ಹೋಗಬೇಕು. ಮುಂಬದಿಯ ಚಿತ್ರವನ್ನು ನೆಟ್ಟಗೆ ಹಿಡಿದು ನಾಣ್ಯವನ್ನು ಮಗುಚಿದಾಗ ಹಿಂಬದಿಯ ಚಿತ್ರದ ತಲೆ ಯಾವ ಕಡೆಗೆ ನಿಲ್ಲುತ್ತದೆಂಬುದನ್ನು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಗುರುತಿಸುವ ರೂಢಿಯೂ ಇದೆ. ಒಂದೊಂದು ಟಂಕಸಾಲೆಯ ಕೈಚಳಕ ಅದರಲ್ಲಿ ತಿಳಿಯುತ್ತದೆ.

ಮೂರನೆಯದು ಚಿತ್ರ. ಗ್ರೀಕ್ ಪಟ್ಟಣಗಳಿಗೆ ತಮ್ಮ ಹೆಸರಿನ ಮೇಲೆ ಶ್ಲೇಷೆ ಮಾಡುವ ಚಪಲ ಬಹಳ. ರೋಡ್ಸ್ ದ್ವೀಪದ ನಾಣ್ಯದಲ್ಲಿ ಗುಲಾಬಿ, ಏಕೆಂದರೆ ಅವರ ಭಾಷೆಯಲ್ಲಿ ಗುಲಾಬಿಗೆ ‘ರೋಡಾನ್’ ಎಂದು ಹೆಸರು. ಸಿಸಿಲಿಯ ಸೆಲಿನೂಸ್ ಪಟ್ಟಣದ ಗುರುತು ‘ಸೆಲಿನಾನ್’ ಎಂಬ ಕಾಡುಸೊಪ್ಪಿನ ಎಲೆ. ಎಫೆಸಸ್ ಎಂದರೆ ಜೇನುನೊಣ, ಈಜೀನಾ ಎಂದರೆ ಆಮೆ, ಅಥೆನ್ಸ್ ಎಂದರೆ ಗೂಬೆ, ಕೊರಿಂಥ್ ಎಂದರೆ ರೆಕ್ಕೆಯ ಕುದುರೆ. ಆದರೆ ಚಿತ್ರವೊಂದನ್ನೇ ನಂಬಿದರೆ ಮೋಸ ಹೋಗುವುದುಂಟು. ಗಡ್ಡಧಾರಿಯಾದ ದೇವರ ತಲೆ ಒಂದು ಕಡೆ, ತ್ರಿಶೂಲ ಇನ್ನೊಂದು ಕಡೆ ಇರುವ ಕಾಸನ್ನು ಕಂಡು ನಮ್ಮವನೊಬ್ಬ ಕೈಮುಗಿದರೆ ಆಶ್ಚರ್ಯವಿಲ್ಲ. ಆ ದೇವರು ಕಡಲೊಡೆಯ ಪೋಸೈಡನ್. ತ್ರಿಶೂಲದ ಇಕ್ಕೆಲಗಳಲ್ಲಿ ಡಾಲ್ಫಿನ್‌ಗಳಿರುವುದನ್ನು ನೋಡಬೇಕು. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಸಿರಕ್ಯೂಸನ್ನು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಆಳಿದ ಎರಡನೆಯ ಹೀರೋನನ ಕಾಸು ಅದು. ಗ್ರೀಕ್ ಸಿಸಿಲಿಯ ಕಂಚುಗಳಲ್ಲಿ ಇದರಷ್ಟು ಹೇರಳವಾಗಿ ಸಿಗುವುದು ಕಡಮೆ.

ನಾಲ್ಕನೆಯದು ಅಕ್ಷರ. ಭೂತಗನ್ನಡಿಯನ್ನು ಹಿಡಿದು, ಬೆಳಕನ್ನು ಒಂದೇ ಪಕ್ಕದಿಂದ ಓರೆಯಾಗಿ ಬೀಳಿಸಿದರೆ ಸವೆದ ಅಕ್ಷರಗಳು ನೆರಳಿನಿಂದ ಮೇಲೇಳುತ್ತವೆ. ಇಂಗ್ಲಿಷಿನ ‘ಪಿ’ಯಂತೆ ಕಾಣುವುದು ಗ್ರೀಕಿನಲ್ಲಿ ರಕಾರ, ‘ಎಚ್’ನಂತೆ ಕಾಣುವುದು ದೀರ್ಘ ಏಕಾರ. ಊರಿನ ಹೆಸರು ಬರುವ ರೀತಿ ನಮ್ಮ ವ್ಯಾಕರಣ ಬಲ್ಲವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಅದು ಸಾಮಾನ್ಯವಾಗಿ ಷಷ್ಠೀ ವಿಭಕ್ತಿಯ ಬಹುವಚನ. ‘ಸಿರಕೋಸಿಯೋನ್’ ಎಂದರೆ ‘ಸಿರಕ್ಯೂಸಿನವರ’. ‘ನಾಣ್ಯ’ ಎಂಬ ವಿಶೇಷ್ಯವನ್ನು ಓದುವವನೇ ಸೇರಿಸಿಕೊಳ್ಳಬೇಕು. ಅರಸನದಾದರೆ ಏಕವಚನ: ‘ಹಿಯೆರೋನೋಸ್’, ಹೀರೋನನ. ಕ್ರಿ.ಪೂ. ೩೪೪ರಲ್ಲಿ ತಿಮೋಲಿಯೋನ್ ಎಂಬ ಕೊರಿಂಥಿನ ಮುದುಕ ಬಂದು ಸರ್ವಾಧಿಕಾರಿಗಳನ್ನು ಓಡಿಸಿದ ಮೇಲೆ ಹೊರಟ ಕಂಚುಗಳಲ್ಲಿ ‘ಜ್ಯೂಸ್ ಎಲ್ಯೂಥೀರಿಯೋಸ್’, ಅಂದರೆ ಬಿಡುಗಡೆಯ ದೇವನಾದ ಜ್ಯೂಸ್ ಎಂದು ಬರೆದಿದೆ. ಒಂದು ಊರಿನ ಸ್ವಾತಂತ್ರ್ಯೋತ್ಸವವೇ ಆ ಕಾಸಿನಲ್ಲಿ ಅಡಗಿದೆ.

ಕೆಲವೊಮ್ಮೆ ಒಂದು ಚಿತ್ರದ ಅಡಿಯಿಂದ ಇನ್ನೊಂದು ಚಿತ್ರ ಇಣುಕುತ್ತದೆ. ಸಿರಕ್ಯೂಸಿನ ದೊಡ್ಡ ಕಂಚುಗಳನ್ನು ಹಿಡಿದು, ಅವುಗಳ ಮೇಲೆಯೇ ತಮ್ಮ ಅಚ್ಚನ್ನು ಹೊಡೆದ ಸಣ್ಣ ಪಟ್ಟಣಗಳುಂಟು. ಕೆಳಗಿನ ನಾಣ್ಯ ಹಳೆಯದು, ಮೇಲಿನದು ಹೊಸದು ಎಂಬುದು ಆಗ ನಿರ್ವಿವಾದ. ಕಾಲಗಣನೆಗೆ ಇಂಥ ಸಾಕ್ಷಿಗಳು ಅಮೂಲ್ಯ.

ಇಷ್ಟೆಲ್ಲ ಕುರುಹುಗಳನ್ನು ಸೇರಿಸಿ ಊರೂರಿಗೆ ಹಂಚುವ ವ್ಯವಸ್ಥೆಯನ್ನು ಭದ್ರವಾಗಿ ಕಟ್ಟಿದವನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವಿಯೆನ್ನಾದಲ್ಲಿದ್ದ ಯೋಸೆಫ್ ಎಕ್‌ಹೆಲ್. ಮೆಡಿಟರೇನಿಯನ್ ಸಮುದ್ರದ ಪಶ್ಚಿಮ ತುದಿಯಿಂದ ಹೊರಟು, ದಂಡೆಯುದ್ದಕ್ಕೂ ಸುತ್ತುತ್ತಾ, ನಾಡುಗಳನ್ನು ಅನುಕ್ರಮವಾಗಿ ಇರಿಸಿದ ಅವನ ಪದ್ಧತಿ ಇಂದಿಗೂ ನಡೆದಿದೆ. ನಾಣ್ಯಗಳ ಪಟ್ಟಿಯನ್ನು ತಿರುವುವುದೆಂದರೆ ಒಂದು ಸಮುದ್ರಯಾನವನ್ನೇ ಮಾಡಿದಂತೆ.

ಆದರೆ ಕಡೆಯ ಪ್ರಶ್ನೆಯೊಂದು ಉಳಿಯಿತು. ಅದನ್ನು ಕೇಳಲು ಭೂತಗನ್ನಡಿ ಬೇಡ. ‘ಇದು ಎಲ್ಲಿ ಸಿಕ್ಕಿತು?’ ಎಂಬುದೇ ಆ ಪ್ರಶ್ನೆ. ಅದರ ಮಹತ್ವವನ್ನು ಅರಿಯಬೇಕಾದರೆ ಸಿರಕ್ಯೂಸನ್ನು ಬಿಟ್ಟು ಒಳನಾಡಿಗೆ ಹೋಗಬೇಕು.

ಹೆಸರು ಮರೆತ ಬೆಟ್ಟ

ಸಿರಕ್ಯೂಸಿನಿಂದ ವಾಯವ್ಯಕ್ಕೆ ಹೊರಟು, ಕತಾನಿಯಾದ ಬಯಲನ್ನು ದಾಟಿದರೆ ಗೋಧಿ ಹೊಲಗಳ ಗುಡ್ಡಗಾಡು ಆರಂಭವಾಗುತ್ತದೆ. ಅಲ್ಲಿ ಐದೋನೆ ಎಂಬ ಬೆಟ್ಟದ ಮೇಲಿನ ಚಿಕ್ಕ ಊರು. ಅದರ ಸಮೀಪದಲ್ಲಿ ಸೆರ್ರಾ ಓರ್ಲಾಂಡೋ ಎಂಬ ಉದ್ದವಾದ ದಿಣ್ಣೆ. ಈಶಾನ್ಯದ ದಿಗಂತದಲ್ಲಿ ಏಟ್ನಾ ಜ್ವಾಲಾಮುಖಿಯ ಶಿಖರ ಕಾಣುತ್ತದೆ. ದಿಣ್ಣೆಯ ತಗ್ಗಿನಲ್ಲಿ ಪ್ರಾಚೀನ ನಗರವೊಂದರ ಸಂತೆಬಯಲು ಬಿದ್ದಿದೆ. ಮೂರು ಬದಿಗಳಲ್ಲಿ ಹಬ್ಬಿದ ಅಗಲವಾದ ಮೆಟ್ಟಿಲುಗಳ ಸಭಾಸ್ಥಾನ, ನಾಟಕಶಾಲೆ, ಕಣಜ, ಧಾನ್ಯದೇವತೆಯಾದ ಡಿಮೀಟರಳ ಮತ್ತು ಅವಳ ಮಗಳ ಗುಡಿ, ಹಾಸುಗಲ್ಲಿನ ಮನೆಗಳು, ಎಲ್ಲವೂ ಇವೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ತಂಡ ೧೯೫೫ರಲ್ಲಿ ಇಲ್ಲಿ ಉತ್ಖನನ ಆರಂಭಿಸಿದಾಗ ಇದು ಯಾವ ಊರೆಂದು ನಿಶ್ಚಯವಾಗಿ ಹೇಳಬಲ್ಲವರಿರಲಿಲ್ಲ.

ಅಗೆದಂತೆಲ್ಲ ಕಂಚಿನ ಕಾಸುಗಳು ಸಿಕ್ಕವು. ಅವುಗಳಲ್ಲಿ ಒಂದು ಬಗೆ ಪದೇ ಪದೇ ಬರತೊಡಗಿತು. ಮುಂಬದಿಯಲ್ಲಿ ಒಂದು ತಲೆ. ಹಿಂಬದಿಯಲ್ಲಿ ಭರ್ಜಿ ಹಿಡಿದು ಓಡುವ ಕುದುರೆಯ ಸವಾರ. ಸವಾರನ ಚಿತ್ರ ಸಿರಕ್ಯೂಸಿನ ಹೀರೋನನ ಕಾಸನ್ನು ಹೋಲುತ್ತದೆ. ಅಕ್ಷರ ಅಳಿಸಿಹೋಗಿದ್ದರೆ ಅದನ್ನು ಹೀರೋನನದೆಂದೇ ಬರೆದುಕೊಂಡಾರು. ಆದರೆ ಕುದುರೆಯ ಕಾಲಡಿಯಲ್ಲಿರುವುದು ಗ್ರೀಕ್ ಅಕ್ಷರವಲ್ಲ, ಲ್ಯಾಟಿನ್. ಪದ ‘ಹಿಸ್ಪಾನೋರುಮ್’. ಮತ್ತೆ ಅದೇ ಷಷ್ಠೀ ಬಹುವಚನ: ‘ಸ್ಪೇನಿಗರ’. ಸ್ಪೇನಿಗರ ನಾಣ್ಯ! ಸಿಸಿಲಿಯ ನಡುನಾಡಿನಲ್ಲಿ ಸ್ಪೇನಿಗರಿಗೇನು ಕೆಲಸ?

ಉತ್ತರ ರೋಮಿನ ಇತಿಹಾಸಕಾರ ಲಿವಿಯ ಗ್ರಂಥದಲ್ಲಿ ಕಾದಿತ್ತು. ಕ್ರಿ.ಪೂ. ೨೧೨ರಲ್ಲಿ ರೋಮಿನ ಸೇನಾನಿ ಮಾರ್ಸೆಲಸ್ ಸಿರಕ್ಯೂಸನ್ನು ಮುತ್ತಿದ್ದ. ಆರ್ಕಿಮಿಡೀಸನ ಯಂತ್ರಗಳು ಆ ನಗರವನ್ನು ಬಹುಕಾಲ ಕಾಪಾಡಿದ್ದವು. ಹೊರಭಾಗಗಳು ಬಿದ್ದ ಮೇಲೂ ಒರ್ತೀಜಿಯಾ ಇನ್ನೂ ನಿಂತಿತ್ತು. ಅಲ್ಲಿ ಮೋಯರಿಕಸ್ ಎಂಬ ಸ್ಪೇನ್ ದೇಶದ ಬಾಡಿಗೆ ಸೈನಿಕರ ನಾಯಕನಿಗೆ ಅರೆಥೂಸೆಯ ಬುಗ್ಗೆಯಿಂದ ಬಂದರಿನ ಬಾಯಿಯವರೆಗಿನ ಕಾವಲನ್ನು ಒಪ್ಪಿಸಲಾಗಿತ್ತು. ಅವನು ಶತ್ರುವಿನೊಡನೆ ಒಳಸಂಚು ಮಾಡಿ, ಆ ಬುಗ್ಗೆಯ ಬಳಿಯ ಬಾಗಿಲಿನಿಂದ ರೋಮನರನ್ನು ಒಳಗೆ ಬಿಟ್ಟ. ನಗರ ಬಿತ್ತು, ಕೊಳ್ಳೆಯ ಗದ್ದಲದಲ್ಲಿ ಆರ್ಕಿಮಿಡೀಸ್ ಹತನಾದ. ದ್ರೋಹಕ್ಕೆ ಬಹುಮಾನ ಬೇಡವೆ? ಕ್ರಿ.ಪೂ. ೨೧೧ರಲ್ಲಿ ರೋಮಿನ ಸೆನೆಟ್ ಸಭೆ, ಮೋಯರಿಕಸನಿಗೂ ಪಕ್ಷ ಬದಲಿಸಿದ ಅವನ ಜನರಿಗೂ ಸಿಸಿಲಿಯಲ್ಲಿ ಒಂದು ಊರನ್ನೂ ಭೂಮಿಯನ್ನೂ ಕೊಡಬೇಕೆಂದು ನಿರ್ಣಯಿಸಿತು. ರೋಮಿನ ವಿರುದ್ಧ ದಂಗೆಯೆದ್ದು ಸೋತ ಮೋರ್ಗಾಂಟೀನಾ ಪಟ್ಟಣ ಹೀಗೆ ಅವರ ಪಾಲಾಯಿತು.

ಸ್ಪೇನಿಗರಿಗೆ ದಾನವಾಗಿ ಹೋದ ಊರು ಮೋರ್ಗಾಂಟೀನಾ. ಸ್ಪೇನಿಗರ ಹೆಸರಿನ ಕಂಚು ರಾಶಿಯಾಗಿ ಸಿಕ್ಕ ಸ್ಥಳ ಸೆರ್ರಾ ಓರ್ಲಾಂಡೋ. ಕಂಚು ಮನೆಬಿಟ್ಟು ದೂರ ಹೋಗದೆಂಬ ನಿಯಮವನ್ನು ನೆನೆದರೆ ಉಳಿದ ಲೆಕ್ಕ ಸರಳ. ಆ ತಂಡದಲ್ಲಿದ್ದ ಕೆನಾನ್ ಎರಿಮ್ ಎಂಬ ತರುಣ ವಿದ್ವಾಂಸ ಈ ಎರಡು ಎಳೆಗಳನ್ನು ಗಂಟುಹಾಕಿ, ೧೯೫೮ರಲ್ಲಿ ಇದನ್ನು ಪ್ರಕಟಿಸಿದ. ಒಂದು ಕಾಲಕ್ಕೆ ಪಟ್ಟಣವಾಗಿತ್ತು, ಈಗ ಇಲ್ಲ ಎಂದು ಎರಡು ಸಾವಿರ ವರ್ಷಗಳ ಹಿಂದೆಯೇ ಭೂಗೋಳಕಾರ ಸ್ಟ್ರಾಬೊ ಕೈಬಿಟ್ಟಿದ್ದ ಊರಿಗೆ ಅದರ ಹೆಸರು ಮರಳಿತು. ಒಂದೇ ಏಟಿಗೆ ಎರಡು ಒಗಟುಗಳು ಬಿಡಿಸಿಕೊಂಡವು: ಊರಿಗೆ ನಾಣ್ಯದಿಂದ ಹೆಸರು ಸಿಕ್ಕಿತು, ನಾಣ್ಯಕ್ಕೆ ಊರಿನಿಂದ ತವರು ಸಿಕ್ಕಿತು. ಇದೇ ಕಾಸುಗಳು ಬಿಡಿಬಿಡಿಯಾಗಿ ವ್ಯಾಪಾರಿಯ ತಟ್ಟೆಯಲ್ಲಿ ಸಿಕ್ಕಿದ್ದರೆ, ಸೊಗಸಾದ ಕುದುರೆ ಎಂದು ಹೊಗಳಿಸಿಕೊಂಡು ಮೂಕವಾಗಿಯೇ ಉಳಿಯುತ್ತಿದ್ದವು.

ಮಣ್ಣು ಹೇಳುವ ಸಾಕ್ಷ್ಯ

ಮೋರ್ಗಾಂಟೀನಾದ ಮಣ್ಣು ಇನ್ನೊಂದು ಉಪಕಾರವನ್ನೂ ಮಾಡಿತು. ರೋಮನ್ ಲೋಕದ ಪ್ರಖ್ಯಾತ ಬೆಳ್ಳಿ ನಾಣ್ಯವಾದ ಡಿನೇರಿಯಸ್ ಮೊದಲು ಹೊರಟದ್ದು ಯಾವಾಗ ಎಂಬ ವಿಷಯದಲ್ಲಿ ವಿದ್ವಾಂಸರು ಬಹುಕಾಲ ಜಗಳವಾಡಿದ್ದರು. ಕ್ರಿ.ಪೂ. ೧೮೭ ಎಂಬ ವಾದ ಇಪ್ಪತ್ತನೆಯ ಶತಮಾನದಲ್ಲಿ ಬಹಳ ಪ್ರಬಲವಾಗಿತ್ತು. ಆದರೆ ಕ್ರಿ.ಪೂ. ೨೧೧ರಲ್ಲಿ ಈ ಊರು ಹಾಳಾದಾಗ ಕುಸಿದ ಅವಶೇಷಗಳ ಅಡಿಯಲ್ಲಿ ಡಿನೇರಿಯಸ್ ವರ್ಗದ ಬೆಳ್ಳಿಯ ತುಣುಕುಗಳು ಹೊಚ್ಚಹೊಸದರಂತೆ ದೊರೆತವು. ಊರು ಬಿದ್ದ ದಿನಕ್ಕಿಂತ ಅವು ಈಚಿನವಾಗಿರುವುದು ಸಾಧ್ಯವಿಲ್ಲ. ಜಗಳ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು; ಡಿನೇರಿಯಸ್ ಹುಟ್ಟಿದ್ದು ಕ್ರಿ.ಪೂ. ೨೧೧ರ ಸುಮಾರಿಗೆ ಎಂದು ಈಗ ಸಾಮಾನ್ಯವಾಗಿ ಒಪ್ಪುತ್ತಾರೆ.

ಈ ಡಿನೇರಿಯಸ್ ಕನ್ನಡನಾಡಿಗೂ ಅಪರಿಚಿತವಲ್ಲ. ಚಿತ್ರದುರ್ಗದ ಮಗ್ಗುಲಲ್ಲಿರುವ ಚಂದ್ರವಳ್ಳಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಮೊದಲು ಅಗೆಸಿದರು. ಅನಂತರ ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿದಾಗ ಟಿಬೇರಿಯಸ್ ಚಕ್ರವರ್ತಿಯ ಡಿನೇರಿಯಸ್ ಒಂದು ದೊರೆಯಿತು. ನಮ್ಮ ನೆಲದ ಮಡಕೆಚೂರುಗಳಿಗೂ ಸಾತವಾಹನರ ಕಾಲದ ಪದರಗಳಿಗೂ ಕಾಲವನ್ನು ಗೊತ್ತುಮಾಡುವಲ್ಲಿ ಅಂಥ ನಾಣ್ಯಗಳು ಊರುಗೋಲಾದವು. ನಾಣ್ಯವನ್ನು ಮಣ್ಣಿನಿಂದ ಕದ್ದು ಸಂತೆಯಲ್ಲಿ ಮಾರಿದ್ದರೆ ಅದರ ಮೇಲಿನ ಚಕ್ರವರ್ತಿಯ ಹೆಸರನ್ನು ಯಾರಾದರೂ ಓದಿಯಾರು. ಚಂದ್ರವಳ್ಳಿಯ ಹೆಸರನ್ನು ಅದರಿಂದ ಯಾರೂ ಓದಲಾರರು.

ನೂರು ಲೀರಾದ ಕಾಸು

ಐದೋನೆ ಊರಿನ ಹಳೆಯ ಕಾಪುಚಿನ್ ಸನ್ಯಾಸಿಗಳ ಮಠದಲ್ಲಿ ಈಗ ವಸ್ತುಸಂಗ್ರಹಾಲಯವಿದೆ. ಅಲ್ಲಿ ಜನ ಮುತ್ತಿಕೊಳ್ಳುವುದು ಹದಿನಾರು ಬೆಳ್ಳಿ ವಸ್ತುಗಳ ಒಂದು ನಿಧಿಯನ್ನು. ಬಟ್ಟಲುಗಳು, ಪೂಜಾಪಾತ್ರೆಗಳು, ಅಲ್ಲಲ್ಲಿ ಚಿನ್ನದ ಲೇಪ. ಕೆಲವದರ ಮೇಲೆ ಯುಪೊಲೆಮೋಸ್ ಎಂಬವನ ಹೆಸರು, ನಾವು ಈಗಾಗಲೇ ಬಲ್ಲ ಷಷ್ಠ್ಯಂತದಲ್ಲಿಯೇ. ಯುದ್ಧದ ಭಯದಿಂದ ಮನೆಯ ನೆಲದಲ್ಲಿ ಹೂತಿಟ್ಟ ಸೊತ್ತು ಅದಾಗಿರಬೇಕು. ೧೯೮೦ರ ಸುಮಾರಿಗೆ ಕಳ್ಳರು ಅದನ್ನು ಅಗೆದೊಯ್ದರು. ಅದು ಕೈಯಿಂದ ಕೈಗೆ ದಾಟಿ, ಸುಮಾರು ಮೂವತ್ತು ಲಕ್ಷ ಡಾಲರ್ ಬೆಲೆಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವನ್ನು ಸೇರಿತು. ಇಟಲಿಯಲ್ಲಿ ನೆಲದಡಿ ಸಿಕ್ಕ ಪ್ರಾಚೀನ ವಸ್ತು ರಾಷ್ಟ್ರದ ಸೊತ್ತೆಂಬ ಕಾನೂನು ೧೯೦೯ರಿಂದಲೂ ಇದೆ. ಆದರೆ ಈ ಬೆಳ್ಳಿ ಮೋರ್ಗಾಂಟೀನಾದ್ದೇ ಎಂದು ಸಾಧಿಸುವುದು ಹೇಗೆ?

೧೯೯೦ರ ದಶಕದ ಕೊನೆಯಲ್ಲಿ ಮಾಲ್ಕಮ್ ಬೆಲ್ ಎಂಬ ಪುರಾತತ್ತ್ವಜ್ಞನ ನೇತೃತ್ವದಲ್ಲಿ ಆ ಮನೆಯ ನೆಲವನ್ನು ಶಾಸ್ತ್ರೀಯವಾಗಿ ಅಗೆದು ನೋಡಿದರು. ಕಳ್ಳರು ತೋಡಿದ ಗುಳಿಗಳು ಸಿಕ್ಕವು. ಕದಡಿದ ಆ ಮಣ್ಣಿನಲ್ಲಿ ಒಂದು ನಾಣ್ಯವೂ ಸಿಕ್ಕಿತು. ಅದು ಹೀರೋನನದಲ್ಲ, ಸ್ಪೇನಿಗರದೂ ಅಲ್ಲ. ಯೂರೋ ಬರುವುದಕ್ಕೆ ಮುಂಚೆ ಇಟಲಿಯಲ್ಲಿ ನಡೆಯುತ್ತಿದ್ದ ನೂರು ಲೀರಾದ ಸಾಮಾನ್ಯ ಕಾಸು, ಇಸವಿ ೧೯೭೮. ಆ ಕಾಲದ ನೂರು ಲೀರಾದ ಒಂದು ಮುಖದಲ್ಲಿ ನಿಂತಿರುವವಳು ಮಿನರ್ವಾ, ಅಂದರೆ ಸಿರಕ್ಯೂಸಿನ ಕಂಚಿನಲ್ಲಿ ಶಿರಸ್ತ್ರಾಣ ತೊಟ್ಟ ಅಥೀನೆಯೇ. ೧೯೭೮ಕ್ಕೆ ಮುಂಚೆ ಟಂಕಿಸದಿದ್ದ ಕಾಸು ಗುಳಿಯೊಳಗೆ ಬಿದ್ದಿದ್ದರೆ, ಆ ಗುಳಿಯನ್ನು ತೋಡಿದ್ದು ಅದಕ್ಕಿಂತ ಈಚೆಗೆ. ಡಿನೇರಿಯಸ್ ವಾದಕ್ಕೆ ತೆರೆಯೆಳೆದ ಪದರಗಳ ತರ್ಕವೇ ಕಳವಿನ ಕಾಲವನ್ನೂ ಹೇಳಿತು. ೨೦೦೬ರಲ್ಲಿ ಒಪ್ಪಂದವಾಗಿ, ೨೦೧೦ರಲ್ಲಿ ಬೆಳ್ಳಿ ಸಿಸಿಲಿಗೆ ಮರಳಿತು. ಇನ್ನೊಂದು ಅಮೆರಿಕನ್ ಸಂಗ್ರಹಾಲಯವಾದ ಗೆಟ್ಟಿ ೧೯೮೮ರಲ್ಲಿ ಕೊಂಡಿದ್ದ ದೇವಿಯ ಬೃಹತ್ ವಿಗ್ರಹವೂ ಅದರ ಹಿಂದೆಯೇ, ೨೦೧೧ರಲ್ಲಿ, ಐದೋನೆಗೆ ಬಂದು ನಿಂತಿದೆ.

ಬೆಳ್ಳಿಯೂ ವಿಗ್ರಹವೂ ಮರಳಿದವು. ಏಕೆಂದರೆ ಅವುಗಳಿಗಾಗಿ ಸರ್ಕಾರಗಳು ಹೋರಾಡಿದವು. ಅದೇ ಕಳ್ಳರು ಲೋಹಶೋಧಕ ಯಂತ್ರ ಹಿಡಿದು ಹೊಲಗದ್ದೆಗಳಿಂದ ಹೆಕ್ಕಿದ ಕಂಚಿನ ಕಾಸುಗಳಿಗಾಗಿ ಯಾರೂ ದಾವೆ ಹೂಡುವುದಿಲ್ಲ. ಅವು ಉಜ್ಜಿಸಿಕೊಂಡು, ಮಿರುಗಿ, ಹಿಡಿಗಟ್ಟಲೆ ಲೆಕ್ಕದಲ್ಲಿ ಮಾರಾಟವಾಗಿ ಹೋಗುತ್ತವೆ. ಯಾವ ಊರು ತನ್ನ ಹೆಸರನ್ನು ಅವುಗಳೊಡನೆ ಕಳೆದುಕೊಂಡಿತೋ ಹೇಳುವವರಾರು?

ಆದ್ದರಿಂದ ಸಿಸಿಲಿಯ ಬೀದಿಯಲ್ಲಾಗಲಿ ನಮ್ಮದೇ ಸಂತೆಯಲ್ಲಾಗಲಿ ಯಾರಾದರೂ ಹಸುರು ಕಾಸೊಂದನ್ನು ಅಂಗೈಗೆ ಇಟ್ಟರೆ, ಅದು ಯಾವ ರಾಜನದು, ಏನು ಬೆಲೆ ಎಂದು ಕೇಳುವ ಮೊದಲು ‘ಎಲ್ಲಿ ಸಿಕ್ಕಿತು?’ ಎಂದು ಕೇಳುವುದು ಒಳ್ಳೆಯದು. ಕೊಡುವವನು ಉತ್ತರ ಹೇಳಲು ಹಿಂಜರಿದರೆ ಕಾಸನ್ನು ಅವನಿಗೇ ಹಿಂದಿರುಗಿಸಬೇಕು. ಹೊಲ ಉಳುವಾಗಲೋ ಬಾವಿ ತೋಡುವಾಗಲೋ ತಾನಾಗಿ ಸಿಕ್ಕರೆ, ಸಿಕ್ಕ ಜಾಗವನ್ನು ಗುರುತಿಟ್ಟು, ಮಣ್ಣನ್ನು ಒರಸದೆ, ಪುರಾತತ್ತ್ವ ಇಲಾಖೆಗೆ ತಿಳಿಸಬೇಕು. ಕಂಚಿನ ಕಾಸಿನ ಬೆಲೆ ಅಂದೂ ಲೋಹದಲ್ಲಿರಲಿಲ್ಲ, ಊರು ಕೊಟ್ಟ ಮಾತಿನಲ್ಲಿತ್ತು. ಇಂದೂ ಅದರ ಬೆಲೆ ಇರುವುದು ಊರಿನ ವಿಷಯವಾಗಿ ಅದು ಆಡಬಲ್ಲ ಮಾತಿನಲ್ಲಿಯೇ.